ನೀರಿಗೆ ಎಷ್ಟು ಸ್ಟಾರ್?

ಆತ ನೀರಿನ ಲೋಟವನ್ನು ಒಂದೇ ಬೆರಳಿನಿಂದ ಆಚೆ ಸರಿಸಿದ.

ಅಷ್ಟೇ! ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಆದರೂ ಒಲೆಯ ಮುಂದೆ ನಿಂತಿದ್ದ ಭಾಗ್ಯಾಳ ಕೈಯಲ್ಲಿನ ಸೌಟು ಅಲ್ಲಿಯೇ ನಿಂತುಬಿಟ್ಟಿತು.

"ನೀರ ಬ್ಯಾಡೇನ್ರಿ?"

"ನಮ್ಮ ನೀರ ಐತ್ರಿ," ಎನ್ನುತ್ತ ಆತ ಚೀಲದಿಂದ ಒಂದು ಸ್ಟೀಲ್ ಬಾಟಲಿ ತೆಗೆದ. ಅದಕ್ಕೆ ಒದ್ದೆ ಬಟ್ಟೆ ಸುತ್ತಿತ್ತು. ತಲೆ ಎತ್ತಿ ಗಟಗಟನೆ ಕುಡಿದು, ಕಣ್ಣು ಮುಚ್ಚಿ ಸಮಾಧಾನದಿಂದ ಉಸಿರು ಬಿಟ್ಟ.

'ನಮ್ಮ ನೀರು...! ಹಾಗಾದರೆ ಇದು ಯಾರ ನೀರು?'

ಭಾಗ್ಯಾ ತುಟಿ ಕಚ್ಚಿಕೊಂಡು ನೂಡಲ್ಸ್ ತಿರುವಿದಳು. ಆ ದಿನ ಆತನ ತಟ್ಟೆಗೆ ಖಾರ ಒಂದು ಚಮಚ ಹೆಚ್ಚೇ ಬಿತ್ತು. ಬೇಕಂತಲೇ ಹಾಕಿದ್ದು, ನಾನೇಕೆ ಮುಚ್ಚಿಡಲಿ?

ಕಲಘಟಗಿಯಿಂದ ಹುಬ್ಬಳ್ಳಿಗೆ ಹೋಗುವ ರಸ್ತೆಯಲ್ಲಿ, ವಿಶ್ವವಿದ್ಯಾಲಯದ ಹೊಸ ಗೇಟಿನ ಎದುರಿಗೆ, ತಗಡಿನ ಮಾಡಿನ ಕೆಳಗೆ ಆರು ಮೇಜುಗಳ ಅಂಗಡಿ ಅವಳದು. 'ಭಾಗ್ಯಾ ನೂಡಲ್ಸ್'. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಹೋಟೆಲೊಂದರಲ್ಲಿ ನಾಲ್ಕು ವರ್ಷ ಹಿಟ್ಟು ನಾದಿ, ಎಳೆದು, ಬೇಯಿಸಿ ಕಲಿತ ವಿದ್ಯೆ. ಗಿರಮಿಟ್ಟು, ಮಿರ್ಚಿ ಭಜಿ ಬಿಟ್ಟು ಬೇರೆ ಗೊತ್ತಿರದ ಹುಡುಗರು ಈಗ ತುಕ್ಪಾ ಎಂಬ ನೂಡಲ್ಸ್ ಸೂಪಿಗೆ ಸಾಲು ನಿಲ್ಲುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ಗದ್ದಲ ಇಳಿದ ಮೇಲೆ ಭಾಗ್ಯಾ ಫೋನಿನಲ್ಲಿ ಗಿರಾಕಿಗಳು ಬರೆದ ಅಭಿಪ್ರಾಯ ಓದುತ್ತಿದ್ದಳು. ತರಕಾರಿ ಹೆಚ್ಚುವ ಫಾತಿಮಾಬಿಗೆ ಗಟ್ಟಿಯಾಗಿ ಓದಿ ಹೇಳುವುದು ರೂಢಿ.

"'ಶಾವಿಗಿ ಸಾರು ಅಂತ ತಿಳಿದು ತಿಂದೆ, ಮೂರು ದಿನದಿಂದ ಬಿಡೋಕಾಗ್ತಿಲ್ಲ.' ಐದ್ ಸ್ಟಾರ್!"

"ಚಲೋ ಹುಡುಗ!"

"'ರುಚಿ ಭಾರಿ ಐತಿ, ಆದರೆ ಅಕ್ಕ ನಗೋದೇ ಇಲ್ಲ.' ನಾಕ್ ಸ್ಟಾರ್."

"ಅದೂ ಖರೇನ ಐತಿ ಬಿಡು!" ಎಂದು ಫಾತಿಮಾಬಿ ನಗುತ್ತಿದ್ದಳು.

ಬೆರಳಿನಿಂದ ಲೋಟ ಸರಿಸಿದವನ ಹೆಸರು ಪುಂಡಲೀಕ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ. ಅಂದಿನಿಂದ ಒಂದು ದಿನವೂ ತಪ್ಪಿಸದೆ ಒಂದೂವರೆಗೆ ಸರಿಯಾಗಿ ಬಂದು ಮೂಲೆಯ ಮೇಜಿನಲ್ಲಿ ಕೂರುತ್ತಿದ್ದ. ತಿಂದ ತಟ್ಟೆಯನ್ನು ತಾನೇ ಒಯ್ದು ತೊಳೆಯುವ ಜಾಗದಲ್ಲಿ ಇಡುತ್ತಿದ್ದ. ಒಮ್ಮೆ ಎಣ್ಣೆ ಸಿಡಿದು ಅವಳ ಕೈ ಸುಟ್ಟಾಗ, ಮಾತಿಲ್ಲದೆ ಎದ್ದು ಹೋಗಿ ಮೆಡಿಕಲ್ ಅಂಗಡಿಯಿಂದ ಮುಲಾಮು ತಂದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿದ್ದ.

"ಕೈ ಜ್ವಾಕಿರಿ," ಎಂದಷ್ಟೇ ಹೇಳಿದ್ದ. ಆ ಎರಡು ಮಾತು ಅವಳ ಕಿವಿಯಲ್ಲಿ ಎರಡು ದಿನ ಉಳಿದವು.

ಆದರೆ ನೀರು...?

ಒಂದೇ ಒಂದು ಸಲ ಸೂಪು ತೆಗೆದುಕೊಂಡಿದ್ದ. ಅರ್ಧಕ್ಕೇ ಬಿಟ್ಟ. ಆಮೇಲೆ ಬರೀ ಒಣ ನೂಡಲ್ಸು. ಅವಳ ಲೋಟವನ್ನು ಒಂದು ದಿನವೂ ಮುಟ್ಟಲಿಲ್ಲ.

"ಫಾತಿಮಾಬಿ, ಎಣ್ಣ್ಯಾಗ ಹುರಿದದ್ದು ನಡೀತೈತಿ. ನೀರ ನಡಿಯೂದಿಲ್ಲ. ಇದೇನ ಹೊಸಾದಲ್ಲ ನನಗ."

"ಹುಚ್ಚಿ, ಕೇಳಿಬಿಡಲ್ಲ ಒಮ್ಮಿ!"

"ಕೇಳೂದೇನೋ ಕೇಳ್ತೀನಿ... ಹೌದು ಅಂದುಬಿಟ್ರ?"

ಅಷ್ಟೇ ನೋಡಿ ಅವಳ ಭಯ. ಭಾಗ್ಯಾಳ ಅಜ್ಜಿ ದುರಗವ್ವ ಕುಂದಗೋಳದ ಕಡೆಯ ಹೊಲಗಳಲ್ಲಿ ಕೂಲಿ ಮಾಡಿದವಳು. ಚಹಾದಂಗಡಿಯ ಹೊರಗೆ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಿದರೆ, ಅಂಗಡಿಯವನು ಮೇಲಿನಿಂದ ನೀರು ಸುರಿಯುತ್ತಿದ್ದನಂತೆ. ಅಪ್ಪನ ಕಾಲಕ್ಕೆ ಮನೆಯಲ್ಲಿ ಬುದ್ಧನ ಫೋಟೋ ಬಂತು, ಶಾಲೆ ಬಂತು, ನೌಕರಿ ಬಂತು. ಆದರೆ ನೀರು ನೋಡಿದಾಗೆಲ್ಲ ಭಾಗ್ಯಾಳಿಗೆ ಆ ಬೊಗಸೆ ನೆನಪಾಗುತ್ತಿತ್ತು.

ಅವಳಿಗೆ ಪುಂಡಲೀಕ ಬೇಕಾಗಿದ್ದ. ಒಂದೂವರೆ ಆಗುತ್ತಿದ್ದಂತೆ ಕಣ್ಣು ಗೇಟಿನ ಕಡೆ ಹೋಗುವಷ್ಟು ಬೇಕಾಗಿದ್ದ! ಆದರೆ ಅಜ್ಜಿಯ ಬೊಗಸೆಯನ್ನು ಮರೆತು ಬೇಕಾಗಿರಲಿಲ್ಲ.

ಅಂಥ ಹೊತ್ತಿನಲ್ಲೇ ಆ ಅಭಿಪ್ರಾಯ ಬಂತು. ಬರೆದವನ ಫೋಟೋ ಇಲ್ಲ. ಹೆಸರಿನ ಜಾಗದಲ್ಲಿ 'ಬಯಲುಸೀಮೆಯವ' ಎಂದಿತ್ತು. ಮೂರು ಸ್ಟಾರ್.

'ಒಣ ನೂಡಲ್ಸ್ ಅಗದಿ ಚಲೋ. ಮಾಡುವವರ ಕೈರುಚಿ ದೊಡ್ಡದು. ಆದರೆ ಇಲ್ಲಿಯ ನೀರು ನಮಗೆ ನಡೆಯುವುದಿಲ್ಲ.'

ಭಾಗ್ಯಾ ಅದನ್ನು ಗಟ್ಟಿಯಾಗಿ ಓದಲಿಲ್ಲ. ಫಾತಿಮಾಬಿ ಕೇಳಿದಾಗ "ಏನಿಲ್ಲ" ಎಂದು ಫೋನು ಬೋರಲು ಹಾಕಿದಳು. ಕಣ್ಣು ಉರಿಯುತ್ತಿತ್ತು.

'ಅವನೇ... ಅವನೇ ಇರಬೇಕು! ಮುಲಾಮು ತಂದ ಕೈಯೇ ಇದನ್ನೂ ಬರೆಯಿತೇ?'

ಮರುದಿನದಿಂದ ಅವಳು ಪತ್ತೇದಾರಿಕೆಗೆ ಇಳಿದಳು. ಆತ ಫೋನು ತೆಗೆದರೆ ಇಣುಕುವುದು, ಆತ ನಕ್ಕರೆ ಯಾಕೆ ನಕ್ಕ ಎಂದು ಲೆಕ್ಕ ಹಾಕುವುದು. ಆತ "ಇವತ್ತ ಉಪ್ಪ ಹದಾ ಐತ್ರಿ" ಎಂದರೂ ಅದರಲ್ಲಿ ಏನೋ ಕೊಂಕು ಕೇಳಿಸುತ್ತಿತ್ತು. ಪಾಪ, ಆತ ಕೆಮ್ಮಿದರೂ ಅನುಮಾನವೇ.

ಒಂದು ಸೋಮವಾರ ತಿನ್ನುತ್ತಿದ್ದವನಿಗೆ ಕರೆ ಬಂತು. ಗದ್ದಲದಲ್ಲಿ ಕೇಳಿಸದೆ ರಸ್ತೆಗೆ ಎದ್ದು ಹೋದ. ಬಾಟಲಿ ಮೇಜಿನ ಮೇಲೆಯೇ ಇತ್ತು.

ಭಾಗ್ಯಾ ಅದನ್ನು ಎತ್ತಿಕೊಂಡಳು.

"ಬ್ಯಾಡ ಭಾಗ್ಯಾ..." ಎಂದಳು ಫಾತಿಮಾಬಿ.

ಆಗಲೇ ನೀರು ಮೋರಿಗೆ ಹೋಗಿತ್ತು. ತನ್ನ ಫಿಲ್ಟರಿನ ನೀರು ತುಂಬಿಸಿ, ಒದ್ದೆ ಬಟ್ಟೆಯನ್ನು ಮೊದಲಿನಂತೆಯೇ ಸುತ್ತಿ, ಬಾಟಲಿಯನ್ನು ಇದ್ದ ಜಾಗಕ್ಕೆ ಇಟ್ಟಳು.

ಪುಂಡಲೀಕ ಬಂದ. ಬಾಟಲಿ ಎತ್ತಿದ. ಒಂದು ಗುಟುಕು...

ನುಂಗಿ ನಿಂತುಬಿಟ್ಟ.

"ಇದು ನಮ್ಮ ನೀರಲ್ಲ."

"ಹೌದು! ನನ್ನ ನೀರು!" ಭಾಗ್ಯಾಳ ದನಿಗೆ ಆರೂ ಮೇಜಿನವರು ತಿರುಗಿ ನೋಡಿದರು. "ಈಗೇನ್ ಮಾಡ್ತೀರಿ? ಉಗುಳ್ತೀರೋ, ರೂಮಿಗೆ ಹೋಗಿ ಜಳಕಾ ಮಾಡ್ತೀರೋ?"

ಪುಂಡಲೀಕನ ಮುಖದ ಬಣ್ಣ ಇಳಿಯಿತು.

"ನೀವ... ಹಂಗ ತಿಳಕೊಂಡ್ರೇನ್ರಿ?"

"ನೀರ ನಡಿಯೂದಿಲ್ಲ ಅಂತ ಫೋನಿನಾಗ ಬರದಾವ್ರು ನೀವ ಹೌದೋ ಅಲ್ಲೋ?"

"ನಾನ ಬರದೀನಿ." ಆತ ಸುಳ್ಳು ಹೇಳಲಿಲ್ಲ. "ನಮ್ಮೂರು ನವಲಗುಂದದ ಆಚಿಗೆ. ಅಲ್ಲಿ ಬೋರಿನ ನೀರ ಸವಳು. ಕೆರಿ ನೀರ ಕುಡದ ಬೆಳದೇವ್ರಿ. ಬ್ಯಾರೆ ನೀರ ಎಷ್ಟ್ ಕುಡದ್ರೂ ನೀರಡಿಕಿ ಹೋಗೂದಿಲ್ಲ. ಅವ್ವ ಸೋಮವಾರಕ್ಕೊಮ್ಮಿ ಬಸ್ಸಿನಾಗ ಕ್ಯಾನ್ ಕಳಸ್ತಾಳ. ನಿಮ್ಮ ನೀರ ಗಡಸ ಐತಿ, ಅದಕ್ಕ ಸೂಪಿನ ರುಚಿ ಕೆಡತೈತಿ ಅಂತ ಬರಿಯಾಕ ಹೋಗಿ..."

"ಎಷ್ಟ್ ಚಂದ ಕಾರಣ! ನಮ್ಮಜ್ಜಿಗೂ ಹಿಂಗ ಚಂದಚಂದ ಕಾರಣ ಹೇಳ್ತಿದ್ರು. ಲೋಟಾ ಒಡದಾವ ಅಂತ. ತೊಳದಿಲ್ಲ ಅಂತ."

ಆತ ಬಾಟಲಿಯನ್ನು ಮೇಜಿನ ಮೇಲೆ ಇಟ್ಟ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ.

"ನಿಮ್ಮ ಸಂಶಯ ತಪ್ಪಲ್ರಿ. ಬರಿಯೂ ಮುಂಚೆ ನಾ ವಿಚಾರ ಮಾಡಬೇಕಿತ್ತು."

ಹೊರಟುಹೋದ. ಬಾಟಲಿಯನ್ನು ಅಲ್ಲಿಯೇ ಬಿಟ್ಟು ಹೋದ.

ಎರಡನೆಯ ದಿನ ಬರಲಿಲ್ಲ. ಮೂರನೆಯ ದಿನ 'ಬಯಲುಸೀಮೆಯವ'ನ ಅಭಿಪ್ರಾಯ ಫೋನಿನಿಂದ ಮಾಯವಾಗಿತ್ತು. 'ಸಿಕ್ಕಿಬಿದ್ದ ಮೇಲೆ ಅಳಿಸಿದ್ದಾನೆ,' ಎಂದುಕೊಂಡಳು. ಐದನೆಯ ದಿನವೂ ಮೂಲೆಯ ಮೇಜು ಖಾಲಿ. ಬೇರೆ ಯಾರಾದರೂ ಅಲ್ಲಿ ಕೂತರೆ ಅವಳಿಗೆ ಸಿಟ್ಟು ಬರುತ್ತಿತ್ತು. ಗೆದ್ದವಳಿಗೆ ಇಷ್ಟು ಅಳು ಯಾಕೆ ಬರಬೇಕು, ನೀವೇ ಹೇಳಿ?

ಎಂಟು ದಿನ ಕಳೆದವು.

ಒಂಬತ್ತನೆಯ ದಿನ, ಮಟಮಟ ಮಧ್ಯಾಹ್ನ, ಬಸ್ಸಿನಿಂದ ಇಳಿದ ಒಬ್ಬ ಹೆಂಗಸು ನೇರವಾಗಿ ಅಂಗಡಿಗೇ ಬಂದಳು. ಇಳಕಲ್ ಸೀರೆ, ಹಣೆಯ ತುಂಬ ಅರಿಶಿನದ ಭಂಡಾರ. ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದರಲ್ಲಿ ಹಿತ್ತಾಳೆ ತಂಬಿಗೆ ಇದ್ದ ಕೈಚೀಲ.

"ಶಾವಿಗಿ ಮಾಡಾಕಿ ನೀನ ಏನ?"

"ನೂಡಲ್ಸ್ ರೀ... ನಾನ. ಯಾಕ್ರಿ?"

"ನಾ ಪುಂಡಲೀಕನ ತಾಯಿ, ಮೈಲಾರವ್ವ." ಹೆಂಗಸು ಭಾಗ್ಯಾಳನ್ನು ಮೇಲಿನಿಂದ ಕೆಳಗಿನ ತನಕ ಅಳೆದಳು. "ಇನ್ನ ನೀರ ಕಳಸಬ್ಯಾಡ ಅಂತ ಫೋನ್ ಮಾಡ್ಯಾನ. ಹುಟ್ಟಿದಾಗಿಂದ ಕೆರಿ ನೀರ ಬಿಟ್ಟ ಬ್ಯಾರೆ ಕುಡದಾವಲ್ಲ! ಯಾಕಲೇ ಅಂದ್ರ ಹೇಳವಲ್ಲ. ಅವ ದಿನಾ ಬಾಯಿ ಬಿಡೂದು ಈ ಅಂಗಡಿ ಸುದ್ದಿ ಒಂದ. ನನ್ನ ಮಗಗ ಏನ್ ಕುಡಿಸೀದಿ ಹೇಳು."

ನೋಡಿ, ಅನುಮಾನ ಪಡುವುದು ಭಾಗ್ಯಾಳೊಬ್ಬಳ ಸೊತ್ತೇನಲ್ಲ!

ಭಾಗ್ಯಾ ಆ ಕ್ಯಾನನ್ನೇ ನೋಡುತ್ತ ನಿಂತಳು. 'ಹಾಗಾದರೆ ನೀರು ನಿಜ. ಬಸ್ಸು ನಿಜ. ಆದರೆ... ಮನಸ್ಸು?'

"ನಿಂತ ನೋಡೂದೇನ, ಬೆವತು ಹೋಗೀದಿ," ಎಂದು ಮೈಲಾರವ್ವ ತಂಬಿಗೆಗೆ ನೀರು ಬಗ್ಗಿಸಿ ಕೊಟ್ಟಳು. "ಮೊದ್ಲ ಕುಡಿ. ಎತ್ತಿ ಕುಡದ್ರ ನೆತ್ತಿಗೇರತೈತಿ, ಕಚ್ಚಿ ಕುಡಿ."

ಭಾಗ್ಯಾ ತಂಬಿಗೆಯ ಅಂಚಿಗೆ ತುಟಿ ಹಚ್ಚಿ ಕುಡಿದಳು. ತಣ್ಣಗೆ, ಮೆತ್ತಗೆ, ಸ್ವಲ್ಪ ಮಣ್ಣಿನ ವಾಸನೆಯ ನೀರು. ಅರ್ಧ ಉಳಿಸಿ, ತಂಬಿಗೆಯನ್ನು ವಾಪಸು ಕೊಡುತ್ತ, ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ನಾವು ಕೇರಿಯವರ್ರಿ. ಈಗ ಬೌದ್ಧರು."

ಫಾತಿಮಾಬಿಯ ಚಾಕು ನಿಂತಿತು.

ಮೈಲಾರವ್ವ ತಂಬಿಗೆಯೊಳಗೆ ನೋಡಿದಳು. ಒಂದು ಕ್ಷಣ... ಎರಡು ಕ್ಷಣ...

ಆಮೇಲೆ ಅದೇ ಅಂಚಿಗೆ ಬಾಯಿ ಹಚ್ಚಿ ಮೈಲಾರವ್ವ ಉಳಿದದ್ದನ್ನು ಪೂರ್ತಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಮ್ಮತ್ತಿ ಇದ್ದಿದ್ರ ತಂಬಿಗಿ ಬೆಂಕ್ಯಾಗ ಹಾಕಿ ಒಳಗ ತಗೋತಿದ್ಲು. ನಾ ಸುಳ್ಳ ಹೇಳೂದಿಲ್ಲವಾ, ನನಗೂ ಒಂದ್ ಗಳಿಗಿ ಕೈ ತಡೀತು. ಆದ್ರ ಆಮ್ಯಾಲ ನನಗ ನಾಚಿಗಿ ಬಂತು."

ಭಾಗ್ಯಾಳ ಕಣ್ಣು ತುಂಬಿ ಬಂತು. ಬಾಟಲಿಯ ಕಥೆಯನ್ನು ಒಂದನ್ನೂ ಬಿಡದೆ ಹೇಳಿದಳು. ಕೇಳುತ್ತ ಕೇಳುತ್ತ ಮೈಲಾರವ್ವನ ಹುಬ್ಬು ಮೇಲೇರಿತು.

"ಕೆರಿ ನೀರ ಮೋರಿಗೆ ಚೆಲ್ಲೀದಿ?!"

"ಹೌದ್ರಿ..."

"ಅವಗ ಎರಡ್ ಬಡೀಬೇಕಿತ್ತು, ನೀರ ಯಾಕ ಚೆಲ್ಲೀದಿ ಹುಡುಗಿ?" ಎಂದು ಹಣೆ ಚಚ್ಚಿಕೊಂಡು ಮಗನಿಗೆ ಫೋನು ಹಚ್ಚಿದಳು. "ಲೇ, ಶಾವಿಗಿ ಅಂಗಡ್ಯಾಗ ಕುಂತೀನಿ. ಈಗಿಂದೀಗ ಬಾ!"

ಹತ್ತು ನಿಮಿಷಕ್ಕೆ ಪುಂಡಲೀಕ ಓಡಿ ಬಂದ. ಗಲ್ಲ ಒಳಗೆ ಹೋಗಿತ್ತು, ಅಂಗಿ ಸಡಿಲಾಗಿತ್ತು.

"ಇದೇನ್ ಹಿಂಗಾಗೀರಿ?" ಭಾಗ್ಯಾಳ ಬಾಯಿಂದ ತಾನಾಗಿಯೇ ಬಂತು.

"ಲೈಬ್ರರಿ ನಳದ ನೀರ ಕುಡ್ಯಾಕ ಹತ್ತೀನ್ರಿ. ಮೊದಲ ಎರಡ ದಿನ ಹೊಟ್ಟಿ ಕೆಟ್ಟಿತ್ತು... ಈಗ ಅಡ್ಡಿಯಿಲ್ಲ."

"ಯಾಕ? ಯಾರ ಕುಡಿ ಅಂದಿದ್ರು?"

ಪುಂಡಲೀಕ ತಾಯಿಯ ಕಡೆ ನೋಡಿದ. ಫಾತಿಮಾಬಿಯ ಕಡೆ ನೋಡಿದ. ಅವರಿಬ್ಬರೂ ಗಟ್ಟಿಯಾಗಿ ಕೂತಿದ್ದರು, ಎದ್ದು ಹೋಗುವ ಲಕ್ಷಣವೇ ಇರಲಿಲ್ಲ.

"ಈ ಕಡಿ ನೀರ ರೂಢಿ ಆಗಬೇಕಲ್ರಿ," ಎಂದ ಕೊನೆಗೆ. "ನೀವ ಒಪ್ಪಿದ್ರ... ಜನ್ಮಪೂರ್ತಿ ನಿಮ್ಮ ಕೈಯಾಗಿನ ನೀರ ಕುಡಿಯೂ ಆಸೆ ಐತಿ ನನಗ. ಅದಕ್ಕ ಮೊದಲ ರೂಢಿ ಮಾಡ್ಕೊಂಡ, ಆಮ್ಯಾಲ ನಿಮ್ಮ ಮುಂದ ಬರೂಣು ಅಂತ ಮಾಡಿದ್ದೆ."

ಎಂಟು ದಿನ ಭಾಗ್ಯಾ ಅವನನ್ನು ಬೈದುಕೊಂಡಿದ್ದಳು. ಆ ಎಂಟೂ ದಿನ ಅವನು ತನಗೆ ಸೇರದ ನೀರು ಕುಡಿಯುತ್ತ ಅವಳ ಕಡೆಗೇ ಬರುತ್ತಿದ್ದ! ಅವಳು ಕಣ್ಣೊರೆಸಿಕೊಂಡಳು.

"ನಿಮ್ಮವ್ವ ಕಳಿಸಿದ ನೀರ ಚೆಲ್ಲಿದ್ದು ತಪ್ಪಾತು. ಅದಕ್ಕ ಮಾಫಿ ಕೇಳ್ತೀನಿ. ಸಂಶಯ ಪಟ್ಟಿದ್ದಕ್ಕ ಕೇಳೂದಿಲ್ಲ."

"ಕೇಳಬ್ಯಾಡ್ರಿ."

ಅವಳು ಫಿಲ್ಟರಿನಿಂದ ಒಂದು ಲೋಟ ನೀರು ತಂದು ಮೂಲೆಯ ಮೇಜಿನ ಮೇಲೆ ಇಟ್ಟಳು. ಮೊದಲ ದಿನ ಇಟ್ಟಿದ್ದ ಜಾಗದಲ್ಲಿಯೇ.

ಪುಂಡಲೀಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಹಚ್ಚಿ, ತಳ ಕಾಣುವ ತನಕ ಕುಡಿದ.

"ಅಭಿಪ್ರಾಯ ಹೇಳ್ರಿ," ಎಂದಳು ಭಾಗ್ಯಾ. "ಖರೇನ ಹೇಳಬೇಕು."

"ಗಡಸ ಐತ್ರಿ. ನೀರಡಿಕಿನೂ ಹೋಗಲಿಲ್ಲ."

"ಎಷ್ಟ್ ಸ್ಟಾರು?"

"ಎರಡು."

ಮೈಲಾರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗುವುದೇ ಇಲ್ಲ ಎಂದು ಹುಡುಗರಿಂದ ಬರೆಸಿಕೊಂಡಿದ್ದ ಭಾಗ್ಯಾ ಕೂಡ ನಕ್ಕುಬಿಟ್ಟಳು, ಕಣ್ಣೀರಿನ ಜೊತೆಗೇ.

"ಇನ್ನೊಂದ್ ಲೋಟಾ ಹಾಕ್ರಿ," ಎಂದ ಪುಂಡಲೀಕ.

"ಹಾಕ್ರಿ ಅಂದ್ರ ಹಾಕೂದಿಲ್ಲ."

ಆತ ಖಾಲಿ ಲೋಟವನ್ನು ಅವಳ ಕಡೆಗೆ ಚಾಚಿದ.

"ಹಾಕು, ಭಾಗ್ಯಾ... ನೀರಡಿಕಿ ಇನ್ನೂ ಭಾಳ ಐತಿ."