ಕಾಲುವೆಯ ಬಾಯಿಗೆ ಮೂವರು

ಗುಡ್ಡ ಜರಿದು ಕಾಲುವೆಯ ಬಾಯಿ ಮುಚ್ಚಿ ಒಂಬತ್ತು ದಿನವಾಗಿತ್ತು. ಕಿಲಿಮಂಜಾರೋದ ಇಳಿಜಾರಿನ ಆ ಹಳ್ಳಿಯಲ್ಲಿ ಬಾಳೆಯೆಲೆಗಳು ಅಂಚಿನಿಂದ ಕಂದತೊಡಗಿದ್ದವು, ಬೀನ್ಸ್ ಹೂವು ಉದುರುತ್ತಿತ್ತು. ಮೇಲಿನ ಕಾಡಿನ ಕಮರಿಗೆ ಹತ್ತಿ, ಕತ್ತಲಾಗುವ ಮೊದಲು ನೀರು ಬಿಡಿಸಿಕೊಂಡು ಇಳಿಯಬೇಕು. ಕಾಲುವೆಯ ಯಜಮಾನ ಅನಾಯೆಲಿ ಅಜ್ಜ ಇಬ್ಬರನ್ನು ಆರಿಸಿದ.

"ಐಕಾಂಡೆ, ನೀನು ಬಾ. ರುಕಿಯಾ, ನೀನೂ."

ಐಕಾಂಡೆಯ ಎದೆ ಚುರುಕ್ಕೆಂದಿತು. ಹೆಂಗಸರು ಕಾಲುವೆಯ ಬಾಯಿಗೆ ಹೋಗಬಾರದೆಂಬ ಕಟ್ಟಳೆ ಮುರಿಯಲು ಅವಳಿಗೆ ಎಂಟು ವರ್ಷ ಹಿಡಿದಿತ್ತು. ಕರಾವಳಿಯ ತಾಂಗಾದಿಂದ ಸ್ವಯಂಸೇವಕಿಯಾಗಿ ಬಂದ ಈ ಹುಡುಗಿಗೆ ಆರೇ ವಾರ ಸಾಕಾಯಿತು! ಹೊಲಗಳಿಗೆ ನೀರು ಹರಿಯುವ ಮಟ್ಟ ನೋಡಿಕೊಟ್ಟಳೆಂದು ಊರೆಲ್ಲ ಅವಳದೇ ಹೊಗಳಿಕೆ. ಐಕಾಂಡೆಯ ಸ್ವಂತ ಅತ್ತೆಯೂ ಮೊನ್ನೆ ಬಾಳೆಕಾಯಿ ಸಾರಿನ ದೊಡ್ಡ ಮಾಂಸದ ತುಂಡನ್ನು ಅವಳ ತಟ್ಟೆಗೇ ಹಾಕಿದ್ದಳು.

"ಅಕ್ಕಾ, ನಿಮ್ಮ ಹಿಂದೇನೇ ಬರ್ತೀನಿ. ನಂಗೆ ಬೆಟ್ಟ ಹೊಸದು. ಸಮುದ್ರ ಆಗಿದ್ರೆ ಈಜಿಬಿಡ್ತಿದ್ದೆ."

"ಈಜೋಷ್ಟು ನೀರಿದ್ದಿದ್ರೆ ನಾವ್ಯಾಕೆ ಹತ್ತಬೇಕಿತ್ತಮ್ಮಾ?"

"ಬಾಯಿಗೆ ಬಿಡುವು ಕೊಡ್ರೇ, ಕಾಲಿಗೆ ಕೆಲಸ ಕೊಡಿ," ಎಂದು ಅಜ್ಜ ನಕ್ಕ.

ಬಾಳೆ, ಕಾಫಿ ತೋಟಗಳು ಹಿಂದೆ ಉಳಿದವು. ಕಾಡಿನೊಳಗೆ ಮಂಜು ಮರಗಳ ಗಡ್ಡದಂಥ ಪಾಚಿಯಿಂದ ತೊಟ್ಟಿಕ್ಕುತ್ತಿತ್ತು. ಕೊಂಬೆಯಿಂದ ಕೊಂಬೆಗೆ ಕೋತಿಗಳು ಹಾರಿದಾಗ ತಣ್ಣನೆಯ ಹನಿಗಳು ಕತ್ತಿನೊಳಗೆ ಇಳಿಯುತ್ತಿದ್ದವು. ಒಣಗಿದ ಕಾಲುವೆಯ ಗುಂಟ ಹತ್ತುತ್ತ ಹತ್ತುತ್ತ, ನಡುಹಗಲಿಗೆ ಮೂವರೂ ಬಂಡೆಯ ಓರೆಗೆ ಬಂದರು. ಕೆಳಗೆ ಕಮರಿ.

ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅಜ್ಜ ದಾಟಿದ. ಐಕಾಂಡೆ ದಾಟಿದಳು. ನಡುವಿನ ಬಿಳಿ ಕಲ್ಲು ನೋಡಲು ಗಟ್ಟಿ, ತುಳಿದರೆ ಉರುಳುತ್ತದೆ. ಅವಳು ಅದನ್ನು ಬಿಟ್ಟು ಹೆಜ್ಜೆಯಿಟ್ಟಿದ್ದಳು.

ಅದೇ ಹಗ್ಗ ಸೊಂಟಕ್ಕೆ ಬಿಗಿದು ರುಕಿಯಾ ಓರೆಗೆ ಇಳಿದಾಗ, ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ಐಕಾಂಡೆ ಹೇಳಲು ಬಾಯಿ ತೆರೆದಳು. ತಾನೇ ಕಲಿಯಲಿ, ಎಂದಿತು ಒಳಗಿನ ಉರಿ. ಬಾಯಿ ಮುಚ್ಚಿದಳು.

ಕಲ್ಲು ಉರುಳಿತು.

ರುಕಿಯಾ ಜಾರಿದಳು. ಹಗ್ಗ ಐಕಾಂಡೆಯ ಅಂಗೈ ಸುಲಿಯಿತು.

"ಎಡಗಡೆ ಬೇರಿದೆ! ಬೇರು ಹಿಡ್ಕೋ!" ಎಂದು ಐಕಾಂಡೆ ಕೂಗಿದಳು.

ಇಬ್ಬರೂ ಸೇರಿ ಎಳೆದರು. ಮೇಲೆ ಬಂದವಳ ಮಂಡಿಯಿಂದ ರಕ್ತ ಇಳಿಯುತ್ತಿತ್ತು.

"ನೀವು ಇಲ್ದಿದ್ರೆ ಹೋಗೇಬಿಡ್ತಿದ್ದೆ ಅಕ್ಕಾ," ಎಂದಳು. ಬೈದಿದ್ದರೆ ಐಕಾಂಡೆ ತಡೆದುಕೊಳ್ಳುತ್ತಿದ್ದಳು.

ಕಾಲುವೆಯ ಬಾಯಿಗೆ ದೊಡ್ಡ ಮರವೊಂದು ಸಿಕ್ಕಿಕೊಂಡಿತ್ತು. ಅದರ ಬುಡ ಮಡುವಿನ ಆಳದಲ್ಲಿ. ಐಕಾಂಡೆಗೂ ಅಜ್ಜನಿಗೂ ಈಜು ಬಾರದು. ರುಕಿಯಾ ಹಗ್ಗ ಹಿಡಿದು ಮುಳುಗಿದಳು. ಒಮ್ಮೆ, ಎರಡು ಸಲ. ಮೂರನೆಯ ಸಲ ನೀಲಿಗಟ್ಟಿದ ತುಟಿಗಳೊಂದಿಗೆ ಮೇಲೆದ್ದು ಕೂಗಿದಳು: "ಕಟ್ಟಿದೆ! ಎಳೀರಿ!"

ಮರ ಕದಲಿತು. ನೀರು ಒಂದು ಕ್ಷಣ ಅನುಮಾನಿಸಿ, ಆಮೇಲೆ ಕಾಲುವೆಗೆ ನುಗ್ಗಿತು.

ಐಕಾಂಡೆ ದಡದ ಪೊದೆಯಿಂದ ಉದ್ದನೆಯ ಇಸಾಲೆ ಎಲೆಯೊಂದನ್ನು ಕಿತ್ತು, ಗಂಟು ಹಾಕಿ, ಎರಡೂ ಕೈಯಲ್ಲಿ ರುಕಿಯಾಳ ಮುಂದೆ ಹಿಡಿದಳು. ಆ ಬೆಟ್ಟದ ಚಾಗಾ ಜನರಲ್ಲಿ ಇದು ಕ್ಷಮೆ ಕೇಳುವ ರೀತಿ. ಮಾತು ಬೇಕಿಲ್ಲ. ಒಡ್ಡಿದ ಎಲೆಯನ್ನು ಯಾರೂ ಬೇಡವೆನ್ನುವಂತಿಲ್ಲ.

"ಅಯ್ಯೋ, ಎಷ್ಟು ಯೋಚನೆ ಮಾಡ್ತೀರಕ್ಕಾ!" ಎಂದು ರುಕಿಯಾ ಗಂಟು ಬಿಚ್ಚಿ ಎಲೆಯನ್ನು ಮಂಡಿಯ ಗಾಯಕ್ಕೆ ಸುತ್ತಿಕೊಂಡಳು.

ಅಜ್ಜ ಎಲೆಯನ್ನು ನೋಡಿದ, ಐಕಾಂಡೆಯ ಮುಖ ನೋಡಿದ.

"ಅವಳಿಗೆ ಎಲೆ ಓದೋಕೆ ಬರಲ್ಲ ಕಣೇ. ಬಾಯಲ್ಲೇ ಹೇಳು."

ಐಕಾಂಡೆ ರುಕಿಯಾಳ ಕಡೆ ತಿರುಗಿದಳು. "ಆ ಕಲ್ಲು ಉರುಳುತ್ತೆ ಅಂತ ನಂಗೊತ್ತಿತ್ತು. ಹೇಳ್ಲಿಲ್ಲ."

ರುಕಿಯಾ ಮಂಡಿಯ ಮೇಲಿನ ಎಲೆಯಿಂದ ಕೈ ತೆಗೆದಳು.

"ಯಾಕೆ?"

"ಹೊಟ್ಟೆಕಿಚ್ಚು."

"ಈ ಎಲೆ ಅದಕ್ಕಾ? ಬೇಡ ಅಂತ ವಾಪಸ್ ಕೊಡಬಹುದಾ?"

"ನಮ್ಮವರು ಕೊಡಲ್ಲ. ನೀನು ಕೊಡಬಹುದು."

ರುಕಿಯಾ ಬಗ್ಗಿ ಎಲೆಯನ್ನು ಇನ್ನಷ್ಟು ಬಿಗಿದಳು. ಮುಖದಲ್ಲಿ ನಗುವಿರಲಿಲ್ಲ.

"ಮುಂದೆ ನಡೀರಿ. ಯಾವುದು ಉರುಳುತ್ತೆ, ಯಾವುದು ಇಲ್ಲ, ಒಂದೊಂದೇ ಹೇಳ್ತಾ ನಡೀರಿ."

ಐಕಾಂಡೆ ಹೇಳುತ್ತ ಇಳಿದಳು. ಇದು ಗಟ್ಟಿ. ಇದು ಬೇಡ. ಇಲ್ಲಿ ಪಾಚಿ, ನನ್ನ ಕೈ ಹಿಡ್ಕೋ. ದನಿ ಒಣಗಿದರೂ ನಿಲ್ಲಿಸಲಿಲ್ಲ. ಮೂವರೂ ಮೊದಲ ಬಾಳೆತೋಟ ಮುಟ್ಟುವಷ್ಟರಲ್ಲಿ, ನೀರು ಅವರಿಗಿಂತ ಮುಂಚೆಯೇ ಊರು ಸೇರಿತ್ತು.