ಏಳು ಕೆಜಿ, ಹನ್ನೆರಡು ವಾರ

“ಈಜು ಯಾಕೆ ಬೇಕು ಅಂತ ಹೇಳಿದ್ರೆ, ಹೇಗೆ ಕಲಿಸ್ಬೇಕು ಅಂತ ನನಗೆ ಗೊತ್ತಾಗುತ್ತೆ,” ಎಂದ ಕೋಚ್.

ಬೆಳಿಗ್ಗೆ ಆರೂವರೆ. ಅವಳು ಈಜುಕೊಳದ ಅಂಚಿನಲ್ಲಿ ಮಂಡಿಗೆ ಟವೆಲ್ ಸುತ್ತಿಕೊಂಡು ಕೂತಿದ್ದಳು. ವಯಸ್ಸು ಮೂವತ್ತೈದು. ಹನ್ನೆರಡು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೂತು ಲೆನ್ಸ್ ಉಜ್ಜುವ ಕೆಲಸ.

“ತೂಕ ಇಳಿಸ್ಬೇಕು. ಹನ್ನೆರಡು ವಾರದಲ್ಲಿ ಏಳು ಕೆಜಿ. ಓಡೋಕೆ ಮಂಡಿ ಬಿಡಲ್ಲ.”

“ಇಷ್ಟು ಕರಾರುವಾಕ್ಕಾಗಿ ಹೇಳ್ತೀರಿ ಅಂದ್ರೆ ಯಾವ್ದೋ ತಾರೀಖು ನಿಗದಿಯಾಗಿರ್ಬೇಕು.”

ನಿಜ ಹೇಳಲೆಂದೇ ಬಾಯಿ ತೆರೆದಳು. ತಮ್ಮನ ಕಿಡ್ನಿಗಳೆರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವರು ಕಿಡ್ನಿ ಕೊಡುವಂತಿರಲಿಲ್ಲ. ಇವಳದು ಹೊಂದುತ್ತಿತ್ತು, ಆದರೆ ಈ ತೂಕಕ್ಕೆ ಆಪರೇಷನ್ ಮಾಡುವುದಿಲ್ಲ ಎಂದು ಹನ್ನೆರಡು ವಾರದ ಗಡುವು ಕೊಟ್ಟಿದ್ದರು ಡಾಕ್ಟರ್. ಇದನ್ನು ಯಾರಿಗೆ ಹೇಳಿದರೂ ಅವರ ಮುಖ ತಕ್ಷಣ ಸಾವಿನ ಮನೆಗೆ ಬಂದವರ ಮುಖವಾಗಿಬಿಡುತ್ತಿತ್ತು. ಇದೊಂದು ಜಾಗದಲ್ಲಾದರೂ ಆ ಮುಖ ನೋಡುವುದು ಅವಳಿಗೆ ಬೇಡವಾಗಿತ್ತು.

“ಮದುವೆ,” ಎಂದುಬಿಟ್ಟಳು.

“ಒಳ್ಳೇದು. ನೀರಿಗಿಳೀರಿ,” ಎಂದ ಕೋಚ್.

ಮೊದಲ ಎರಡು ವಾರ ಹಲಗೆ ಹಿಡಿದು ಕಾಲು ಬಡಿಯುವುದೇ ಆಯಿತು. ಮೂರನೆಯ ವಾರಕ್ಕೆ ಉಸಿರು ಬಿಡುವುದು ಬಂತು. ಐದನೆಯ ವಾರಕ್ಕೆ ಕೊಳದ ಉದ್ದಕ್ಕೂ ನಿಲ್ಲದೆ ಹೋಗಿ, ಆಳದ ತುದಿಯ ಕಂಬಿ ಹಿಡಿದು, ತಿರುಗಿ ಬಂದಳು. ಬಂದವಳು ಏದುಸಿರು ಬಿಡುತ್ತಲೇ ನಕ್ಕಳು.

“ಈಗ ಮಾತಾಡಿ ನೋಡೋಣ,” ಎಂದ ಅವನು.

“ಏನು ಮಾತಾಡ್ಲಿ?”

“ಮಾತಾಡೋಕೆ ಆಗ್ತಿದೆಯಲ್ಲ, ಸಾಕು. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು. ಆ ವೇಗದಲ್ಲಿ ಅರ್ಧ ಗಂಟೆ ಈಜಿದ್ರೆ ಕೊಬ್ಬು ತಾನಾಗೇ ಕರಗುತ್ತೆ.”

ಪ್ರತಿ ಸುತ್ತಾದ ಮೇಲೂ ನಾಡಿ ಎಣಿಸಬೇಕಿತ್ತು. ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು ಅವಳು ಎಣಿಸುವಳು. ಅವನು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಗೋಡೆ ಗಡಿಯಾರದ ಕೆಂಪು ಮುಳ್ಳು ನೋಡಿ ಹತ್ತು ಸೆಕೆಂಡ್ ಹೇಳುವನು. ಒಂದು ದಿನ ಹಾಗೆ ಬಾಗಿದಾಗ ಅವನ ಒದ್ದೆ ಕೂದಲಿನ ಒಂದು ಹನಿ ಅವಳ ಕೈಮೇಲೆ ಬಿತ್ತು.

“ಇಪ್ಪತ್ತೆಂಟು.”

“ಒಂದೇ ಸುತ್ತಿಗೆ? ಇಷ್ಟು ಏರ್ಬಾರ್ದಲ್ಲ.” ಅವನು ಹುಬ್ಬು ಗಂಟಿಕ್ಕಿದ. “ಇನ್ನೊಂದ್ಸಲ ಎಣಿಸಿ.”

ಎಣಿಸಿದಳು. ಮೂವತ್ತಾಗಿತ್ತು. ಇಪ್ಪತ್ತೆರಡು ಎಂದು ಸುಳ್ಳು ಹೇಳಿದಳು.

ಅವನಿಗೆ ನಲವತ್ತರ ಆಸುಪಾಸು. ಕ್ಲೋರಿನ್‌ನಿಂದ ಸದಾ ಕೆಂಪಾದ ಕಣ್ಣು. ಅವಳನ್ನು ‘ಕನ್ನಡಕದ ಮೇಡಂ’ ಎಂದು ಕರೆಯುತ್ತಿದ್ದ. ನೋಟ ಎಲ್ಲೋ ಒಂದೊಂದು ಸಲ ಅವಳ ಮೇಲೆ ಅರೆಗಳಿಗೆ ಹೆಚ್ಚೇ ನಿಲ್ಲುತ್ತಿತ್ತು, ಆಮೇಲೆ ತಪ್ಪು ಮಾಡಿದವರ ಹಾಗೆ ಪಕ್ಕಕ್ಕೆ ಸರಿಯುತ್ತಿತ್ತು. “ಅವರು ಅದೃಷ್ಟವಂತರು,” ಎಂದು ಒಮ್ಮೆ ಹೇಳಿದ. ಯಾರು ಎಂದು ಕೇಳುವಷ್ಟರಲ್ಲಿ ಸೀಟಿ ಊದಿಕೊಂಡು ಇನ್ನೊಬ್ಬರ ಕಡೆ ಹೋಗಿದ್ದ. ಅವಳು ಆಡಿದ ಸುಳ್ಳು ಅವಳಿಗೇ ಉರುಳಾಗಿತ್ತು. ಇಂದು ಹೇಳುತ್ತೇನೆ ಎಂದುಕೊಂಡು ಬರುವಳು, ನೀರು ಕೊಡವಿಕೊಂಡು ಹಾಗೇ ವಾಪಸ್ ಹೋಗುವಳು.

ಏಳನೆಯ ವಾರ ತೂಕ ಇಳಿಯುವುದು ನಿಂತುಬಿಟ್ಟಿತು. ನಾಲ್ಕು ಕೆಜಿ ಇಳಿದದ್ದು ಐದಾಗಲೇ ಇಲ್ಲ. ಎಂಟನೆಯ ವಾರವೂ ಮುಳ್ಳು ಅಲ್ಲಾಡಲಿಲ್ಲ. ಆ ವಾರವೇ ತಮ್ಮನ ಉಸಿರಾಟ ಕೆಟ್ಟು, ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. “ಇನ್ನು ತುಂಬಾ ಕಾಯೋ ಹಾಗಿಲ್ಲ,” ಎಂದರು ಡಾಕ್ಟರ್. ತಮ್ಮ ಮಾತ್ರ, “ಅಕ್ಕಾ, ನನಗೋಸ್ಕರ ನೀನು ಮೀನಾಗ್ಬೇಡ, ಅಮ್ಮನಿಗೆ ನನ್ನೊಬ್ಬನ ತಲೆನೋವೇ ಸಾಕು,” ಎಂದು ನಗಿಸಲು ನೋಡಿದ. ಅವನ ಊದಿದ ಕಾಲಿನ ಮೇಲೆ ಸಾಕ್ಸ್‌ನ ಗುರುತು ಹಳ್ಳದಂತೆ ಉಳಿದಿತ್ತು.

ಅವಳು ರಾತ್ರಿಯ ಊಟ ಬಿಟ್ಟಳು. ಆಮೇಲೆ ಬೆಳಗಿನದೂ ಬಿಟ್ಟಳು. ಮೂರನೆಯ ದಿನ ಬರೀ ನೀರು ಕುಡಿದು ಕೊಳಕ್ಕೆ ಬಂದಳು. ಇಪ್ಪತ್ತು ಸುತ್ತು ಸಾಕು ಎಂದು ಕೋಚ್ ಹೇಳಿ ಕಚೇರಿ ಕೋಣೆಗೆ ಹೋದ. ಅವಳು ನಿಲ್ಲಿಸಲಿಲ್ಲ. ಇಪ್ಪತ್ತಾರನೆಯ ಸುತ್ತಿನಲ್ಲಿ, ಆಳದ ತುದಿಗೆ ಇನ್ನೂ ನಾಲ್ಕು ಮಾರು ಇರುವಾಗ, ಮೀನಖಂಡ ಹಿಡಿದುಕೊಂಡಿತು. ಕಣ್ಣು ಕತ್ತಲಿಟ್ಟಿತು. ಕೂಗಲು ಬಾಯಿ ತೆರೆದರೆ ನೀರು ಒಳಗೆ ನುಗ್ಗಿತು.

ಮುಂದೆ ಅವಳಿಗೆ ಗೊತ್ತಾದದ್ದು, ಒಂದು ತೋಳು ಅವಳ ಎದೆಯಡಿ ಬಿಗಿಯಾಗಿ ಹಿಡಿದು ಎಳೆಯುತ್ತಿದ್ದದ್ದು, ಆಮೇಲೆ ಬೆನ್ನಿಗೆ ತಣ್ಣನೆಯ ಟೈಲ್ಸು. ಕೆಮ್ಮಿ ಕೆಮ್ಮಿ ನೀರು ಹೊರಗೆ ಬಂತು. ಬಟ್ಟೆಯೆಲ್ಲ ತೊಯ್ದ ಕೋಚ್ ಅವಳ ಪಕ್ಕದಲ್ಲಿ ಮಂಡಿಯೂರಿದ್ದ.

“ಕೊನೇ ಸಲ ಯಾವಾಗ ಊಟ ಮಾಡಿದ್ರಿ?”

ಅವಳು ಮುಖ ತಿರುಗಿಸಿದಳು.

“ಕೇಳ್ತಿದ್ದೀನಿ.”

“ಮೊನ್ನೆ ಮಧ್ಯಾಹ್ನ.”

“ನಾಳೆಯಿಂದ ಬರ್ಬೇಡಿ.” ಅವನ ದನಿ ಏರಿರಲಿಲ್ಲ, ಆದರೆ ಒಡೆದಿತ್ತು. “ಒಂದು ಮದುವೆ ಫೋಟೋಗೋಸ್ಕರ, ಒಬ್ಬ ಗಂಡಿಗೋಸ್ಕರ ಜೀವ ಕಳ್ಕೊಳ್ಳೋರಿಗೆ ನಾನು ಕಲಿಸಲ್ಲ. ನಿಮ್ಮನ್ನ ಹೀಗೇ ಒಪ್ಕೊಳ್ಳೋಕೆ ಆಗದವನನ್ನ ನೀವ್ಯಾಕೆ ಮದುವೆ ಆಗ್ಬೇಕು?”

“ಗಂಡಿಗಲ್ಲ,” ಎಂದಳು. ಹಲ್ಲು ಕಟಕಟ ಎನ್ನುತ್ತಿತ್ತು. “ತಮ್ಮನಿಗೆ. ನನ್ನ ಕಿಡ್ನಿ ಕೊಡ್ಬೇಕು. ಈ ತೂಕಕ್ಕೆ ತೊಗೊಳ್ಳಲ್ವಂತೆ.”

ಅವಳು ಅಂಜಿದ್ದ ಆ ಮುಖ ಅವನಿಗೆ ಬರಲಿಲ್ಲ.

“ಮದುವೆ?”

“ಇಲ್ಲ.”

“ಗಂಡು?”

“ಯಾರೂ ಇಲ್ಲ.”

ಅವನು ಎದ್ದು ಹೋದ. ಲೇನಿನ ಹಗ್ಗ ಸರಿಮಾಡುವವನಂತೆ ಬೆನ್ನು ತಿರುಗಿಸಿ ನಿಂತ. ಸರಿಯಾಗೇ ಇದ್ದ ಹಗ್ಗವನ್ನು ಸರಿಮಾಡಲು ಅವನಿಗೆ ತುಂಬ ಹೊತ್ತು ಬೇಕಾಯಿತು. ವಾಪಸ್ ಬಂದಾಗ ಕೈಯಲ್ಲಿ ಅವನದೇ ತಿಂಡಿ ಡಬ್ಬಿ ಇತ್ತು. ಬೇಯಿಸಿದ ಮೊಟ್ಟೆ ಸುಲಿದು ಅವಳ ಅಂಗೈಗಿಟ್ಟ.

“ತಿನ್ನಿ. ಉಪವಾಸದಿಂದ ಸ್ನಾಯು ಕರಗುತ್ತೆ, ಕೊಬ್ಬು ಅಲ್ಲೇ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಇವತ್ತೇ ನಿಮ್ಮ ಡಾಕ್ಟರಿಗೆ ಎಲ್ಲಾ ಹೇಳಿ. ಅವರು ಹೂಂ ಅಂದ್ರೆ ಮತ್ತೆ ಶುರು ಮಾಡೋಣ. ಆದ್ರೆ ನಾನು ನೀರಲ್ಲೇ ಇರ್ತೀನಿ, ನಿಮ್ಮ ಪಕ್ಕದ ಲೇನಲ್ಲಿ.”

ಡಾಕ್ಟರ್ ಬೈದರು, ಊಟದ ಪಟ್ಟಿ ಬರೆದುಕೊಟ್ಟರು, ನಾಲ್ಕು ದಿನ ಬಿಟ್ಟು ಹೂಂ ಎಂದರು. ಆ ಮೇಲಿನ ವಾರಗಳಲ್ಲಿ ಎರಡು ಉದ್ದ ಜೋರಾಗಿ, ಒಂದು ಉದ್ದ ನಿಧಾನವಾಗಿ, ಹೀಗೆ ಬಿಟ್ಟು ಬಿಟ್ಟು ಈಜಿಸಿದ ಕೋಚ್. ಸರಿಯಾಗಿ ತಿಂದಿರಾ ಎಂದು ಕೇಳದೆ ನೀರಿಗೆ ಬಿಡಲಿಲ್ಲ. ಉಸಿರಿಗೆಂದು ಮುಖ ಎತ್ತಿದಾಗಲೆಲ್ಲ ಪಕ್ಕದ ಲೇನಿನಲ್ಲಿ ಅವನ ಮುಖವೂ ಏಳುತ್ತಿತ್ತು. ಮುಳ್ಳು ಮತ್ತೆ ಕೆಳಗಿಳಿಯಿತು. ಹನ್ನೆರಡನೆಯ ವಾರದ ಕೊನೆಗೆ ಆಸ್ಪತ್ರೆಯ ತಕ್ಕಡಿ ಆರು ಕೆಜಿ ಎಂಟುನೂರು ಗ್ರಾಂ ಇಳಿದಿದೆ ಎಂದಿತು. ಡಾಕ್ಟರ್ ಎರಡು ಸಲ ನೋಡಿದರು, ಕನ್ನಡಕ ತೆಗೆದರು, “ನಡೆಯುತ್ತೆ ಬಿಡಿ,” ಎಂದರು.

ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಕೋಚ್‌ಗೆ ಫೋನ್ ಮಾಡಿ ಅತ್ತಳು. ಅವಳು ಅತ್ತು ಮುಗಿಸುವ ತನಕ ಅವನು ಫೋನಿನ ಆ ತುದಿಯಲ್ಲಿ ಕಾದ.

ಆಪರೇಷನ್ ದಿನ ಅಮ್ಮ ತಮ್ಮನ ಕೋಣೆಯಲ್ಲಿದ್ದರು. ಅವಳ ಕೋಣೆಯ ಬಾಗಿಲಲ್ಲಿ ಕೋಚ್ ಬಂದು ನಿಂತ. ಇಸ್ತ್ರಿ ಮಾಡಿದ ಶರಟಿನಲ್ಲಿ ಅವನು ಯಾರೋ ಬೇರೆಯವನಂತೆ ಕಂಡ.

“ಭಯ ಆಗ್ತಿದೆಯಾ?”

“ಹೂಂ. ನಿಮಗೆ?”

“ನಿಮಗಿಂತ ಜಾಸ್ತಿ.” ಮಂಚದ ಕಂಬಿ ಹಿಡಿದುಕೊಂಡ. “ಎಂಟು ವಾರ, ಇಲ್ಲದ ಗಂಡಿನ ಮೇಲೆ ಹೊಟ್ಟೆ ಉರ್ಕೊಂಡಿದ್ದೀನಿ, ಮೇಡಂ. ಇದನ್ನ ಇವತ್ತು ಹೇಳ್ಬಾರ್ದು ಅಂದ್ಕೊಂಡೇ ಬಂದಿದ್ದೆ.”

ಅವಳು ಉತ್ತರಿಸುವ ಮೊದಲೇ ನರ್ಸ್ ಕಾಗದ ಹಿಡಿದು ಒಳಗೆ ಬಂದಳು. “ಒಳಗೆ ಕರ್ಕೊಂಡು ಹೋಗ್ತಿದ್ದೀವಿ. ಹೊರಗೆ ಇವರ ಕಡೆಯವರು ಅಂತ ಯಾರಿರ್ತಾರೆ?”

“ನಾನಿರ್ತೀನಿ,” ಎಂದ ಕೋಚ್.

ನರ್ಸ್ ಪೆನ್ನು ಕಾಗದದ ಮೇಲೆ ಊರಿ ಅವಳನ್ನು ಕೇಳಿದಳು, “ಇವರು ನಿಮಗೆ ಏನಾಗ್ಬೇಕು?”

ಅವನು ತಲೆ ತಗ್ಗಿಸಿದ. ಅವಳು ಹೊದಿಕೆಯಿಂದ ಕೈ ಹೊರತೆಗೆದು, ಕಂಬಿಯ ಮೇಲಿದ್ದ ಅವನ ಕೈಮೇಲೆ ಇಟ್ಟಳು.

“ಗಂಡ ಆಗ್ಬೇಕು,” ಎಂದಳು. “ಸದ್ಯಕ್ಕೆ ಸ್ನೇಹಿತರು ಅಂತ ಬರ್ಕೊಳ್ಳಿ.”