ಮುಕ್ತಾಯ ಕಾಣದ ಕುಣಿತ

ಹುಲಿ, ಹಕ್ಕಿ, ಮನುಷ್ಯ ಎಲ್ಲರೂ ಒಂದೇ ಮಾತಾಡುತ್ತಿದ್ದ ಕಾಲದಲ್ಲಿ ಬಣ್ಣಗಿರಿ ಎಂಬ ರಾಜ್ಯ. ಅಲ್ಲಿ ದ್ಯಾವಣ್ಣ ಎಂಬ ಮದ್ದಳೆಗಾರ. ಅವನು ಒಂದು ಪೆಟ್ಟು ಕೊಟ್ಟರೆ ಏಳು ಊರಿನಾಚೆ ತೊಟ್ಟಿಲು ತಾನಾಗಿ ತೂಗುತ್ತಿತ್ತು. ಸುಳ್ಳೇನಲ್ಲ!

ಆ ನಾಡಿನಲ್ಲೊಂದು ಕಟ್ಟಳೆ. ಮದ್ದಳೆಗಾರ ಎದುರು ನಿಂತು ಮುಕ್ತಾಯದ ಪೆಟ್ಟನ್ನು ಮೂರು ಸಲ ಬಾರಿಸುವ ತನಕ ಕುಣಿಯುವವರು ಕಾಲು ನಿಲ್ಲಿಸುವಂತಿಲ್ಲ.

ಒಂದು ಮಧ್ಯಾಹ್ನ ಅರಮನೆಯ ತೋಟದಲ್ಲಿ ದ್ಯಾವಣ್ಣನ ತಂಗಿ ಹೊನ್ನಿಯೂ ಅವಳ ಗಂಡ ಕಾಟಯ್ಯನೂ ಅವನ ಮದ್ದಳೆಗೆ ಕೈ ಕೈ ಹಿಡಿದು ಕುಣಿಯುತ್ತಿದ್ದರು. ಮುಕ್ತಾಯಕ್ಕೆ ಮೊದಲೇ ರಾಜನ ಚಿತ್ರಕಾರ, ಮಾಯಗಾರ ವರ್ಣಕೇತು ತನ್ನ ಪಟದ ಮೇಲೆ ಕುಂಚ ಬೀಸಿದ. ಇಬ್ಬರೂ ಅದರೊಳಗೆ ಸೇರಿಬಿಟ್ಟರು! ಹತ್ತಿರ ಹೋದರೆ ಬರೀ ಬಣ್ಣದ ಚುಕ್ಕಿ. ಹತ್ತು ಹೆಜ್ಜೆ ಹಿಂದೆ ಸರಿದರೆ ಎಲೆ ಸಂದಿಯ ಬಿಸಿಲು, ಹಾರುವ ಸೆರಗು, ನಿಲ್ಲದೆ ಕುಣಿಯುವ ಜೋಡಿ.

ಕೂಗಾಡಿದ ದ್ಯಾವಣ್ಣನನ್ನು ಕಾವಲಿನವರು ಹೊರಗೆ ದಬ್ಬಿದರು. ತಿಂಗಳ ಮೇಲೆ ಅವನು ಒಂಬತ್ತಾಳೆತ್ತರದ ಗೋಡೆ ಹಾರಿ ಸಭೆಗೆ ನುಗ್ಗಿದ. ರಾಜ ಪಟ ನೋಡುತ್ತ ತಲೆದೂಗುತ್ತಿದ್ದ. "ಆಹಾ, ಕಾಲ ಬಳಿಯ ಆ ಕೆಂಪು ಎಷ್ಟು ಚೆಂದ!"

ದ್ಯಾವಣ್ಣನ ಮೈಯೆಲ್ಲ ಉರಿದುಹೋಯಿತು. "ಅದು ಬಣ್ಣವಲ್ಲ ದೊರೆ, ನನ್ನ ತಂಗಿಯ ಅಂಗಾಲಿನ ರಕ್ತ! ತಿಂಗಳಿಂದ ಅವಳು ಕೂತಿಲ್ಲ. ನಿಮಗೆ ಚೆಂದವೇ?"

"ಗಮಾರ," ವರ್ಣಕೇತು ನಕ್ಕ. "ಎಂದೆಂದಿಗೂ ಕುಣಿಯುವ ಭಾಗ್ಯ ಯಾರಿಗುಂಟು?"

"ಭಾಗ್ಯವಂತೆ ಭಾಗ್ಯ! ನೀನೊಂದು ಗಳಿಗೆ ಕುಣಿದು ತೋರಿಸೋ, ಡೊಳ್ಳುಹೊಟ್ಟೆಯವನೇ!"

ದ್ಯಾವಣ್ಣ ಮೊದಲ ಮುಕ್ತಾಯ ಬಾರಿಸಿದ. ಮಾಯಗಾರ ಹಳದಿ ಬಳಿದ, ಹುಲಿಯೊಂದು ಹಾರಿಬಂತು. "ಥೂ, ಮೀಸೆಯ ಬಣ್ಣವೇ ಒಣಗಿಲ್ಲ, ಹೋಗತ್ತ!" ಎಂದು ದ್ಯಾವಣ್ಣ ಗದರಿದ ರಭಸಕ್ಕೆ ಹುಲಿ ಕರಗಿ ಹರಿಯಿತು.

ಎರಡನೆಯದು ಬಾರಿಸಿದ. ಮಾಯಗಾರ ನೀಲಿ ಬಳಿದ. ಸಭೆಯೊಳಗೆ ಹೊಳೆ ಉಕ್ಕಿತು. ದ್ಯಾವಣ್ಣ ಮದ್ದಳೆಯ ಮೇಲೆ ಕೂತು ತೇಲಿಬಂದ. ಆದರೆ ಚರ್ಮ ನೆಂದು ಮದ್ದಳೆಯ ಸದ್ದೇ ಅಡಗಿತು.

"ಈಗೇನು ಬಾರಿಸುತ್ತೀಯೋ?"

"ಇದನ್ನು ಕಣೋ!" ಮಾಯಗಾರನ ಬಣ್ಣದ ಗಡಿಗೆಯನ್ನೇ ಎಳೆದುಕೊಂಡು ಮೂರನೆಯ ಮುಕ್ತಾಯ ಬಾರಿಸಿದ. ಗಡಿಗೆ ಒಡೆಯಿತು. ಚೆಲ್ಲಿದ ಬಣ್ಣ, ಉಕ್ಕಿದ ಹೊಳೆಯ ಜೊತೆಗೇ ವರ್ಣಕೇತು ನೆಲದಲ್ಲಿ ಇಂಗಿಹೋದ. ಗಂಡಹೆಂಡಿರು ಪಟದಿಂದ ದೊಪ್ಪನೆ ಕೆಳಗೆ ಬಿದ್ದರು.

"ಇಷ್ಟು ತಡವೇನಣ್ಣಾ?" ಹೊನ್ನಿ ಏದುಸಿರು ಬಿಟ್ಟಳು. "ನಮ್ಮನೆಯವರು ನನ್ನ ಕಾಲು ತುಳಿದದ್ದು ಒಂದು ಸಲವೇ, ಎರಡು ಸಲವೇ!"

ರಾಜ ತಲೆ ತಗ್ಗಿಸಿ ಸಿಂಹಾಸನದಿಂದ ಇಳಿದ. ಅಲ್ಲಿ ಹೊನ್ನಿಯನ್ನು ಕೂರಿಸಿ, ಅವಳ ಕಾಲಿಗೆ ತಾನೇ ಎಣ್ಣೆ ಹಚ್ಚಿದ. ಅಂದಿನಿಂದ ಬಣ್ಣಗಿರಿಯಲ್ಲಿ ಕುಣಿಯುವವರ ಚಿತ್ರ ಬರೆದರೆ ಮೂಲೆಯಲ್ಲೊಂದು ಮಣೆಯನ್ನೂ ಬರೆಯಲೇಬೇಕು. ಎಲ್ಲರೂ ಸುಖವಾಗಿ ಕುಣಿಯುತ್ತಾರೆ, ದಣಿದಾಗ ಕೂರುತ್ತಾರೆ.